24 ನಿಮಿಷದ ಕಥೆ, ಬರೆದವರ ಹೆಸರು

ಅಂಧೇರಿಯಿಂದ ಗೋರೆಗಾಂವ್‌ವರೆಗೆ ಯಾವ ಧಾರಾವಾಹಿ ಕಚೇರಿಯಲ್ಲಿ ಕೂತು ಕಥೆ ಹೇಳಿದರೂ ಎದುರಿಗಿದ್ದವರ ಪ್ರಶ್ನೆ ಒಂದೇ: ‘ಆಮೇಲೆ?’ ಮದುವೆಯಾಯಿತು, ಆಮೇಲೆ? ಅತ್ತೆಗೆ ಗುಟ್ಟು ತಿಳಿಯಿತು, ಆಮೇಲೆ? 300 ಕಂತು ದಾಟಿದರೂ ಉತ್ತರ ಬತ್ತದಿದ್ದರೆ ಮಾತ್ರ ಆ ಕಥೆಗೆ ಬೆಲೆ. ಬಿಡಿಕಥೆಗಳ ಸರಣಿಯಲ್ಲಿ, ಈಗ ಎಲ್ಲರೂ ಆಂಥಾಲಜಿ ಅನ್ನುವ ಬಗೆಯಲ್ಲಿ, ಆ ಪ್ರಶ್ನೆಗೆ ಜಾಗವೇ ಇಲ್ಲ. ಪ್ರತಿ ಕಂತಿಗೂ ಹೊಸ ಜನ, ಹೊಸ ಮನೆ, ಹೊಸ ತೊಡಕು. ಅರ್ಧ ಗಂಟೆಯೊಳಗೆ ಗಂಟು ಹಾಕಿ ಬಿಚ್ಚಿ ಎದ್ದುಬಿಡಬೇಕು. ವರ್ಷಗಟ್ಟಲೆ ದಿನವಹಿ ಧಾರಾವಾಹಿ ಬರೆದು ಪಳಗಿದ ಕೈ ಇಲ್ಲಿ ತಡವರಿಸುವುದು ಇದಕ್ಕೇ: ಆ ಕೈ ಕಲಿತಿರುವುದು ಕಥೆ ಮುಗಿಯದಂತೆ ನೋಡಿಕೊಳ್ಳುವುದನ್ನು.

ಕನ್ನಡಿಗರಿಗೆ ಈ ಬಗೆ ಹೊಸದಲ್ಲ. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ 1976ರಲ್ಲೇ ಮೂರು ಸಣ್ಣಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿತ್ತು. ಇಡೀ ಸೀಸನ್ನಿಗೆ ಒಂದು ಕಥೆ, ಮುಂದಿನ ಸೀಸನ್ನಿಗೆ ಬೇರೆ ಕಥೆ ಎನ್ನುವುದು ಇನ್ನೊಂದು ಬಗೆ. ಮುಂಬೈಯಲ್ಲೇ ತಯಾರಾದ ‘ಸ್ಕ್ಯಾಮ್ 1992’, ‘ಸ್ಕ್ಯಾಮ್ 2003’ ಆ ಜಾತಿಯವು. ಅದು ನಿಜಕ್ಕೂ ಉದ್ದ ಧಾರಾವಾಹಿಯ ತಮ್ಮನೇ, ಅದರ ಗೋಜು ಇಲ್ಲಿ ಬೇಡ. ಇಲ್ಲಿ ನೋಡುವುದು ಒಂದು ಕಂತಿಗೆ ಒಂದೇ ಕಥೆ ಎನ್ನುವ ಬಗೆಯನ್ನು.

ಎಲ್ಲವೂ ವಾರವಾರ ಬದಲಾಗುವುದಾದರೆ ನೋಡುಗ ಯಾವುದನ್ನು ನಂಬಿ ಮತ್ತೆ ಬರುತ್ತಾನೆ? ಬದಲಾಗದೆ ಉಳಿಯುವ ಒಂದು ದಾರ ಬೇಕೇ ಬೇಕು. ಆ ದಾರ ಯಾವುದು ಎನ್ನುವುದರ ಮೇಲೆಯೇ ಹೆಸರು ಯಾರಿಗೆ ಹೋಗುತ್ತದೆ ಎನ್ನುವುದೂ ನಿಂತಿದೆ. ದಿನವಹಿ ಧಾರಾವಾಹಿಯಲ್ಲಿ ಪಾತ್ರವೇ ದಾರ. ಸೊಸೆಯ ಹೆಸರು ಮನೆಮನೆಗೆ ಗೊತ್ತು, ಬರೆದವರದು ಯಾರಿಗೂ ಗೊತ್ತಿಲ್ಲ. ಬಿಡಿಕಥೆಯಲ್ಲಿ ಪಾತ್ರ ಕಂತಿನ ಕೊನೆಗೆ ಎದ್ದುಹೋಗುತ್ತದೆ. ಬರೆದವರು ಮುಂದೆ ಬರಲು ಅಲ್ಲೊಂದು ಸಂದು ಸಿಗುತ್ತದೆ.

ಆ ಸಂದಿನಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಅಮೆರಿಕದ ರಾಡ್ ಸರ್ಲಿಂಗ್. 1950ರ ದಶಕದಲ್ಲಿ ಅಲ್ಲಿನ ಟಿವಿ ನಾಟಕಗಳು ಹೆಚ್ಚಾಗಿ ನೇರಪ್ರಸಾರ. 1955ರ ಜನವರಿ 12ರಂದು ಬಂದ ಅವರ ‘ಪ್ಯಾಟರ್ನ್ಸ್’ ಎಂಬ ಒಂದು ಗಂಟೆಯ ನಾಟಕವನ್ನು ಜನ ಎಷ್ಟು ಮೆಚ್ಚಿದರೆಂದರೆ ನಾಲ್ಕೇ ವಾರದಲ್ಲಿ, ಫೆಬ್ರವರಿ 9ರಂದು, ಮತ್ತೆ ಹಾಕಬೇಕಾಯಿತು. ಹಾಕುವುದೆಂದರೆ ನಟರೆಲ್ಲ ಬಂದು ಇನ್ನೊಮ್ಮೆ ಆಡುವುದು. ಆದರೆ ಹೆಸರು ಬಂದರೂ ಕಥೆಯ ಮೇಲಿನ ಹಿಡಿತ ಬರಲಿಲ್ಲ. ಆಗಿನ ನಾಟಕಗಳಿಗೆ ಹಣ ಹಾಕುತ್ತಿದ್ದವು ಜಾಹೀರಾತು ಕೊಡುವ ಕಂಪನಿಗಳು. ಎಮೆಟ್ ಟಿಲ್ ಎಂಬ ಕಪ್ಪು ಹುಡುಗನ ಕೊಲೆಯ ಹಿನ್ನೆಲೆಯಲ್ಲಿ ಸರ್ಲಿಂಗ್ 1956ರಲ್ಲಿ ಬರೆದ ನಾಟಕ ದಕ್ಷಿಣದ ರಾಜ್ಯದಿಂದ ಎತ್ತಂಗಡಿಯಾಗಿ ಈಶಾನ್ಯದ ನ್ಯೂ ಇಂಗ್ಲೆಂಡಿಗೆ ಹೋಯಿತು, ಕೊಲೆಯಾದವನು ಯಾರೋ ಅನಾಮಿಕ ವಿದೇಶಿಯಾದ, ದಕ್ಷಿಣವನ್ನು ನೆನಪಿಸುತ್ತವೆಂದು ಸೆಟ್ಟಿನ ಮೇಲಿದ್ದ ಕೋಕ್ ಬಾಟಲಿಗಳೂ ಮಾಯವಾದವು. 1959ರಲ್ಲಿ ನ್ಯೂರೆಂಬರ್ಗ್ ವಿಚಾರಣೆಯ ಕುರಿತ ಬೇರೊಬ್ಬರ ನಾಟಕದಲ್ಲಿ ‘ಗ್ಯಾಸ್’ ಎಂಬ ಪದ ಬಂದಲ್ಲೆಲ್ಲ ದನಿ ಅಡಗಿಸಿದರು, ಏಕೆಂದರೆ ಹಣ ಹಾಕಿದ್ದವರು ಅಡುಗೆ ಅನಿಲದ ಉದ್ಯಮದವರು.

ಸರ್ಲಿಂಗ್ ಕಂಡುಕೊಂಡ ದಾರಿ ಸರಳ. ಊರಿನ ಹೆಸರು ಹೇಳಿದರೆ ತಕರಾರು, ಬೇರೆ ಗ್ರಹದ ಹೆಸರು ಹೇಳಿದರೆ ಯಾರೂ ಕೇಳುವುದಿಲ್ಲ. ಹೀಗೆ 1959ರ ಅಕ್ಟೋಬರ್ 2ರಂದು ‘ಟ್ವೈಲೈಟ್ ಜೋನ್’ ಶುರುವಾಯಿತು. ಐದು ಸೀಸನ್, 156 ಕಂತು, ಅದರಲ್ಲಿ 92 ಅವರೇ ಬರೆದವು. ಈ ಲೆಕ್ಕವನ್ನು ಎರಡು ಸಲ ಓದಬೇಕು: 92 ಸಲ ಹೊಸ ಲೋಕ ಕಟ್ಟಿ 92 ಸಲ ಮುಗಿಸುವುದು. ಮೊದಲ ಸೀಸನ್ನಿನಲ್ಲಿ ಕಥೆಯ ಆರಂಭಕ್ಕೆ ಅವರ ದನಿಯಷ್ಟೇ ಇತ್ತು. ಎರಡನೆಯದರಿಂದ ಅವರೇ ಚೌಕಟ್ಟಿನೊಳಗೆ ಬಂದು ನಿಂತು ಕಥೆಗೆ ಪೀಠಿಕೆ ಹಾಕತೊಡಗಿದರು. ನಮ್ಮ ಯಕ್ಷಗಾನದ ಭಾಗವತರ ಕೆಲಸವೇ. ಪ್ರಸಂಗ ಬದಲಾದರೂ ಭಾಗವತರು ಅಲ್ಲೇ ಇರುತ್ತಾರೆ, ಮೇಳದ ಗುರುತು ಅವರ ದನಿಯಲ್ಲಿರುತ್ತದೆ. ಬರಹಗಾರನ ಮುಖ ರಸ್ತೆಯಲ್ಲಿ ಗುರುತು ಹಿಡಿಯುವಷ್ಟು ಪರಿಚಿತವಾಗಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಮುಖವೇ ಬಂಡವಾಳವಾದರೆ ಆಗುವ ಕೇಡನ್ನೂ ಅವರೇ ಕಂಡರು. ಮುಂದೆ ‘ನೈಟ್ ಗ್ಯಾಲರಿ’ ಎಂಬ ಸರಣಿಯಲ್ಲಿ ಪೀಠಿಕೆಗೆ ಅವರು ಬೇಕಿದ್ದರು, ತೀರ್ಮಾನ ಮಾತ್ರ ನಿರ್ಮಾಪಕರದಾಗಿತ್ತು.

ಭಾರತದಲ್ಲಿ ದಾರ ಬೇರೆ ಕಡೆ ಸಿಕ್ಕಿತು. 1980ರ ದಶಕದ ದೂರದರ್ಶನದಲ್ಲಿ 13 ಕಂತಿನ ಸರಣಿ ಸಾಮಾನ್ಯ, 13 ಕಂತಿಗೆ ಸಣ್ಣಕಥೆಗಳು ಚೆನ್ನಾಗಿ ಒಗ್ಗುತ್ತಿದ್ದವು. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ್ದ ಶಂಕರ್ ನಾಗ್ ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಮಾಡಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಸ್ವಾಮಿಯ ಕಥೆ ಹಲವು ಕಂತು ಹರಿದರೂ ಬಹುಪಾಲು ಕಂತುಗಳು ಬಿಡಿ. ಆದರೂ ಊರು ಅದೇ, ಎಲ್. ವೈದ್ಯನಾಥನ್ ಅವರ ಆ ರಾಗ ಅದೇ, ಆರ್.ಕೆ. ಲಕ್ಷ್ಮಣರ ಗೆರೆಗಳು ಅವೇ. ಕಸುಬಿನ ದೃಷ್ಟಿಯಲ್ಲಿ ಇದು ಬಲು ಜಾಣ ಏರ್ಪಾಡು. ಊರನ್ನೇ ದಾರ ಮಾಡಿದ್ದರಿಂದ ಪ್ರತಿ ಕಂತಿಗೂ ಹೊಸ ಸೆಟ್ಟು ಕಟ್ಟುವ ಖರ್ಚು ತಪ್ಪಿತು. ಅಂಗಡಿಯ ಮುಂಗಟ್ಟು ಒಂದು ಕಥೆಯಲ್ಲಿ ಮುಖ್ಯ, ಇನ್ನೊಂದರಲ್ಲಿ ಹಿನ್ನೆಲೆ.

ಮುಂಬೈಯ ವಾಹಿನಿಗಳು ಬಿಡಿಕಥೆ ಎಂದರೆ ಹಿಂಜರಿಯುವುದೂ ಖರ್ಚಿಗೇ. ದಿನವಹಿಯಲ್ಲಿ ನಾಯ್ಗಾಂವ್‌ನಲ್ಲೋ ಮಡ್ ಐಲ್ಯಾಂಡಿನಲ್ಲೋ ಒಂದು ಮನೆ ಕಟ್ಟಿದರೆ ಅದರ ಹಣ ನೂರಾರು ಕಂತಿಗೆ ಹಂಚಿಹೋಗುತ್ತದೆ. ಘಟಕ 12 ಗಂಟೆಯ ಶಿಫ್ಟಿನಲ್ಲಿ ಹೆಚ್ಚುಕಡಿಮೆ ಒಂದು ಕಂತು ತೆಗೆದುಬಿಡುತ್ತದೆ, ಏಕೆಂದರೆ ಬೆಳಕು ಎಲ್ಲಿಡಬೇಕು, ಅತ್ತೆ ಎಲ್ಲಿ ನಿಲ್ಲುತ್ತಾಳೆ ಎಲ್ಲ ಕಂಠಪಾಠ. ಬಿಡಿಕಥೆಯಲ್ಲಿ ಎಲ್ಲವೂ ಮೊದಲ ದಿನ. ಒಂದು ಶಿಫ್ಟಿಗೆ 8ರಿಂದ 10 ನಿಮಿಷದ ಸಾಮಗ್ರಿ ಸಿಕ್ಕರೆ ಪುಣ್ಯ. ಅಂದರೆ ಒಂದು ಕಂತಿಗೆ ಮೂರು ದಿನ. ಜೊತೆಗೆ ಗುರುವಾರದ ಟಿಆರ್‌ಪಿ. ಕಥೆ ಹಿಡಿಸಿದರೂ ಮುಂದಿನ ವಾರ ಆ ಪಾತ್ರ ಇರುವುದಿಲ್ಲ, ನೋಡುಗನಿಗೆ ಚಾಳಿ ಅಂಟುವುದಿಲ್ಲ. ಬರೆಯುವವರು ಈ ಲೆಕ್ಕಕ್ಕೆ ಮೂಗು ಮುರಿಯುವ ಬದಲು ಅದನ್ನು ತಿಳಿದು ಬರೆದರೆ ಕಥೆ ಚಿತ್ರೀಕರಣದವರೆಗೆ ಹೋಗುತ್ತದೆ. ಮಾತಾಡುವ ಪಾತ್ರ ಐದಕ್ಕಿಂತ ಹೆಚ್ಚು ಬೇಡ. ಜಾಗ ಎರಡು, ತೀರಾ ಅಂದರೆ ಮೂರು. ಲೋಕಲ್ ರೈಲಿನೊಳಗೆ ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ, ಶುಲ್ಕ, ಜನಜಂಗುಳಿ ಎಲ್ಲ ಉಂಟು. ಹಾಗಾಗಿ ರೈಲು ಕಾಣಿಸುವುದಕ್ಕಿಂತ ಕೇಳಿಸಲಿ, ‘ಪುಢೀಲ್ ಸ್ಟೇಷನ್’ (ಮುಂದಿನ ನಿಲ್ದಾಣ) ಎಂಬ ಮರಾಠಿ ದನಿ ಸಾಕು.

ಈಗ ಸಮಯದ ಲೆಕ್ಕ. ಕೇಬಲ್ ಟಿವಿ ನಿಯಮದಂತೆ ಗಂಟೆಗೆ ಜಾಹೀರಾತು 12 ನಿಮಿಷ ಮೀರುವಂತಿಲ್ಲ, ವಾಹಿನಿಯ ಸ್ವಂತ ಪ್ರಚಾರವೂ ಅದರಲ್ಲೇ. ಅರ್ಧ ಗಂಟೆಗೆ 6 ಹೋದರೆ ಉಳಿದದ್ದು 24. ಶೀರ್ಷಿಕೆ, ಹೆಸರು ಕಳೆದರೆ 22ರಿಂದ 23. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಮಾತು ಇಂಗ್ಲಿಷಿನ ಕೊರಿಯರ್ 12 ಪಾಯಿಂಟ್ ಅಕ್ಷರಕ್ಕೆ ಹೊಂದುವ ಅಳತೆ. ಕನ್ನಡ ಲಿಪಿಯಲ್ಲಿ ಫಾಂಟ್ ಬದಲಾದರೆ ಪುಟ ಬದಲಾಗುತ್ತದೆ, ಮುಂಬೈಯಲ್ಲಿ ಹಿಂದಿ ಸಂಭಾಷಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವುದೂ ರೂಢಿ, ಅಲ್ಲಿ ಅಳತೆ ಇನ್ನೊಂದು. ಮೊಬೈಲಿನ ಗಡಿಯಾರ ಒತ್ತಿ, ಮೌನಗಳನ್ನೂ ಬಿಡದೆ, ಗಟ್ಟಿಯಾಗಿ ಓದುವುದೇ ಸರಿಯಾದ ದಾರಿ. ಓದಿದಾಗ 20 ನಿಮಿಷ ಬಂದರೆ ಚಿತ್ರೀಕರಿಸಿದಾಗ 24 ಆಗುತ್ತದೆ. ನಟರು ಏಳುತ್ತಾರೆ, ಬಾಗಿಲು ತೆಗೆಯುತ್ತಾರೆ, ಉಸಿರಾಡುತ್ತಾರೆ.

ಹೆಚ್ಚು ಸಮಯ ಕೊಟ್ಟರೆ ಕಥೆ ಸುಧಾರಿಸುತ್ತದೆ ಎಂಬ ಭ್ರಮೆಯೂ ಬೇಡ. ‘ಟ್ವೈಲೈಟ್ ಜೋನ್’ ನಾಲ್ಕನೇ ಸೀಸನ್ನಿನಲ್ಲಿ ಒಂದು ಗಂಟೆಗೆ ಹಿಗ್ಗಿತು, ಅರ್ಧ ಗಂಟೆಯ ಕಥೆಗಳು ಜೋಲು ಅಂಗಿ ತೊಟ್ಟಂತಾದವು, ಐದನೆಯದಕ್ಕೆ ಮತ್ತೆ ಅರ್ಧ ಗಂಟೆಗೇ ಬಂತು.

ಒಂದು ಕಂತನ್ನು ಬಿಚ್ಚಿ ನೋಡೋಣ

ಮಾಟುಂಗದಲ್ಲಿ ಒಂದು ಹಳೆಯ ಉಡುಪಿ ಹೋಟೆಲು ಎಂದಿಟ್ಟುಕೊಳ್ಳಿ. ಅಜ್ಜ ಕಟ್ಟಿದ್ದು, ಅಪ್ಪ ತೀರಿಕೊಂಡಾಯಿತು, ಮೊಮ್ಮಗ ಸತೀಶ ಮಾರಿದ್ದಾನೆ. ನಾಳೆ ಹತ್ತು ಗಂಟೆಗೆ ಕೀಲಿ ಕೊಡಬೇಕು. ಇವತ್ತು ರಾತ್ರಿ ಅವನಿಗೆ ಬೇಕಾದ್ದು ಒಂದೇ: ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಲೆಕ್ಕದ ಪುಸ್ತಕವನ್ನು ಸೊನ್ನೆಗೆ ತಂದು ಮುಚ್ಚುವುದು. ಪಾತ್ರದ ಆಸೆ ಹೀಗೆ ಕೈಯಲ್ಲಿ ಹಿಡಿಯುವಂತಿರಬೇಕು. ‘ನೆಮ್ಮದಿ ಬೇಕು’ ಎಂದರೆ ಕ್ಯಾಮೆರಾ ಎಲ್ಲಿ ಇಡುವುದು?

ತೊಡಕು ಅಕ್ಷರದ್ದು. ಸತೀಶ ಮುಂಬೈಯಲ್ಲೇ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು, ಬಿ.ಕಾಂ. ಮನೆಯಲ್ಲಿ ಕನ್ನಡ ಮಾತು ಉಂಟು, ಓದಲು ಬಾರದು. ಅಜ್ಜ ಕಲಿಸಿದ ಕನ್ನಡ ಅಂಕಿಗಳಷ್ಟೇ ಗೊತ್ತು. ಸಪ್ಲೈಯರ್ ಒಡಿಶಾದವನು, ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದರೂ ಕನ್ನಡ ಅಕ್ಷರ ಅವನಿಗೂ ಇಲ್ಲ. ಓದಬಲ್ಲವರು ಒಬ್ಬರೇ, ದಿನಾ ಸಂಜೆ ಮೂಲೆಯ ಮೇಜಿಗೆ ಬರುವ ಮಾಸ್ತರು. ಒಂದು ಕಾಲದಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು. ‘ಆ ಪುಟ ಮಾಸ್ತರದು’ ಎಂದು ಅಪ್ಪ ಹಿಂದೊಮ್ಮೆ ಹೇಳಿದ್ದು ಸತೀಶನಿಗೆ ನೆನಪಿದೆ. ಪುಟದ ಎಡಗಡೆ ೩೦೦೦ ಎಂದಿದೆ, ವರ್ಷದಿಂದ ವರ್ಷಕ್ಕೆ ಹೊತ್ತು ತಂದ ಬಾಕಿ.

ಕಥೆಯ ಕೀಲು ಇರುವುದು ಆ ಎಡಗಡೆಯಲ್ಲಿ. ಕಾಲೇಜಿನಲ್ಲಿ ಕಲಿಸುವ ಲೆಡ್ಜರಿನಲ್ಲಿ ಡೆಬಿಟ್, ಅಂದರೆ ಅವರಿಂದ ಬರಬೇಕಾದ್ದು, ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಹಳೆಯ ಕಾಲದ ಜಮಾ ಖರ್ಚಿನಲ್ಲಿ ತಿರುಗುಮುರುಗು, ಜಮಾ, ಅಂದರೆ ಅವರಿಂದ ಬಂದದ್ದು, ಎಡಕ್ಕೆ. ಸತೀಶ ಅದನ್ನು ಮಾಸ್ತರು ಕೊಡಬೇಕಾದ ಹಣ ಎಂದು ಓದುತ್ತಾನೆ. ನಿಜದಲ್ಲಿ ಅದು ಹೋಟೆಲು ತೆರೆಯುವಾಗ ಮಾಸ್ತರು ಅಜ್ಜನಿಗೆ ಕೊಟ್ಟದ್ದು.

ಎಂಟನೇ ನಿಮಿಷಕ್ಕೆ ಮೊದಲ ಬ್ರೇಕು. ಅಲ್ಲಿಗೆ ಸತೀಶ ಕೇಳಿಬಿಟ್ಟಿರಬೇಕು: ‘ಮಾಸ್ತರೇ, ನಿಮ್ಮದು ಮೂರು ಸಾವಿರ ಬಾಕಿ ಇದೆ.’ ಮಾಸ್ತರು ಪುಟವನ್ನು ಒಂದು ಕ್ಷಣ ಹೆಚ್ಚೇ ನೋಡುತ್ತಾರೆ, ‘ಎಷ್ಟಂದೆ?’ ಎಂದು ಇನ್ನೊಮ್ಮೆ ಕೇಳುತ್ತಾರೆ, ಕೊಡೆ ಎತ್ತಿಕೊಂಡು ಹೋಗುತ್ತಾರೆ. ಹದಿನಾರನೇ ನಿಮಿಷಕ್ಕೆ ಎರಡನೇ ಬ್ರೇಕು. ಅಷ್ಟರಲ್ಲಿ ಅವರು ಹಣ ತಂದು ಎಣಿಸಿ ಗಲ್ಲೆಯ ಮೇಲೆ ಇಟ್ಟಾಗಿದೆ. ಇನ್ನೂರು ಕಡಿಮೆ ಬಿದ್ದದ್ದಕ್ಕೆ ಸತೀಶ ‘ಇರಲಿ ಬಿಡಿ’ ಅನ್ನುತ್ತಾನೆ. ಆ ದೊಡ್ಡ ಮನಸ್ಸು ಆಮೇಲೆ ಅವನನ್ನೇ ಚುಚ್ಚಬೇಕು.

ಇಲ್ಲಿ ಚಾಣಾಕ್ಷ ನೋಡುಗ ತಡೆಯುತ್ತಾನೆ: ಮಾಸ್ತರು ಬಾಯಿ ಬಿಡಬಾರದಿತ್ತೇ? ಈ ಪ್ರಶ್ನೆಗೆ ಉತ್ತರವಿಲ್ಲದ ಕಂತು ಕುಸಿದುಬೀಳುತ್ತದೆ. ಮದ್ದು ಸಣ್ಣದು, ಆದರೆ ಆರನೇ ನಿಮಿಷದಲ್ಲೇ ಹಾಕಿರಬೇಕು. ಸತೀಶ ಚಹಾ ಕೊಡುತ್ತಾ ಹೆಮ್ಮೆಯಿಂದ ಹೇಳುತ್ತಾನೆ: ‘ನಮ್ಮಜ್ಜ ಒಬ್ಬರ ಹತ್ತಿರ ಒಂದು ಪೈಸೆ ಸಾಲ ಮಾಡಿದವರಲ್ಲ, ಅಲ್ವಾ ಮಾಸ್ತರೇ?’ ಮಾಸ್ತರು ‘ಹೌದು ಹೌದು’ ಎಂದಿದ್ದಾರೆ. ಆಡಿದ ಮಾತಿಗೆ ಅವರು ಕಟ್ಟುಬಿದ್ದರು.

ಸತ್ಯ ತಿಳಿಯುವುದು ಹೇಗೆ? ಯಾರೋ ಬಂದು ಪುಸ್ತಕ ಓದಿ ವಿವರಿಸಿದರೆ ಅದು ಅಂಚೆಯಣ್ಣನ ಕೆಲಸ, ನಾಟಕವಲ್ಲ. ನಾಲ್ಕನೇ ನಿಮಿಷದಲ್ಲಿ ಸಪ್ಲೈಯರ್ ನಗುತ್ತಾ ಹೇಳಿದ್ದ, ಮಸ್ಜಿದ್ ಬಂದರಿನ ಅಕ್ಕಿ ಸೇಠ್ ಬಾಕಿಗಾಗಿ ದೊಡ್ಡ ಮಾಲೀಕರನ್ನು ಗಲ್ಲೆಯೆದುರೇ ಬೈಯುತ್ತಿದ್ದ ಎಂದು, ಅವನ ಪುಟದಲ್ಲೊಂದು ಅಕ್ಕಿಚೀಲದ ಚಿತ್ರ ಇದೆ ಎಂದು. ಹದಿನೆಂಟನೇ ನಿಮಿಷದಲ್ಲಿ ಸತೀಶ ಮಾಸ್ತರ ಪುಟಕ್ಕೆ ಗೀಟು ಎಳೆಯಲು ಪೆನ್ನು ತೆಗೆಯುತ್ತಾನೆ, ಫ್ಯಾನಿನ ಗಾಳಿಗೆ ಹಾಳೆ ಮಗುಚುತ್ತದೆ. ಅಕ್ಕಿಚೀಲದ ಚಿತ್ರ. ಆ ಮೊತ್ತವೂ ಎಡಗಡೆಯೇ ಇದೆ. ಒಂದು ಮಾತಿಲ್ಲ. ನೋಡುಗನಿಗೂ ಸತೀಶನಿಗೂ ಒಟ್ಟಿಗೆ ಹೊಳೆಯಬೇಕು. ಇದಕ್ಕಾಗಿ ಪುಟದ ಎರಡು ಅಂಕಣಗಳನ್ನು ಮೊದಲ ಮೂರು ನಿಮಿಷದೊಳಗೇ ಹತ್ತಿರದಿಂದ ತೋರಿಸಿರಬೇಕು. ಆಗ ಯಾರಿಗೂ ಅದು ಸುಳಿವು ಅನಿಸಬಾರದು, ಸತೀಶ ಧೂಳು ಒರೆಸುತ್ತಿದ್ದಾನೆ ಅಷ್ಟೇ.

ಮುಕ್ತಾಯಕ್ಕೆ ಮೊದಲ ಕರಡಿನಲ್ಲಿ ಎಲ್ಲರಿಗೂ ಹೊಳೆಯುವುದು ಎರಡು. ಒಂದು, ಮಾಸ್ತರು ಎಂದೋ ಸತ್ತಿದ್ದರು, ಬಂದದ್ದು ಅವರ ದೆವ್ವ. ಇದು ತಿರುವು ಹೌದು, ಮುಕ್ತಾಯ ಅಲ್ಲ. ನೋಡುಗ ಬೆಚ್ಚಿ, ಮರುಕ್ಷಣ ಮರೆಯುತ್ತಾನೆ, ಮೇಲಾಗಿ ಹಿಂದಿನ ಇಪ್ಪತ್ತು ನಿಮಿಷ ಸುಳ್ಳಾಗುತ್ತದೆ. ಎರಡು, ಸತೀಶ ಓಡಿ ಹೋಗಿ ಕಾಲಿಗೆ ಬಿದ್ದು ಹಣ ಹಿಂತಿರುಗಿಸುವುದು. ಅಲ್ಲಿ ಲೆಕ್ಕ ಸೊನ್ನೆಯಾಗುತ್ತದೆ, ಅಂದರೆ ಅವನು ಮೊದಲೇ ಬಯಸಿದ್ದು ಸಿಕ್ಕಂತೆಯೇ. ಅವನಲ್ಲಿ ಏನೂ ಬದಲಾಗಲಿಲ್ಲ. ಸರಿಯಾದ ಕೊನೆ ಆಸೆಯನ್ನೇ ತಿರುಗಿಸಿ ಹಾಕಬೇಕು. ಓಡಿ ಹೋದವನಿಗೆ ಮಾಸ್ತರು ಸಿಗುವುದಿಲ್ಲ, ಸ್ಟೇಷನ್ನಿನ ದನಿ ಮಾತ್ರ. ಮರಳಿ ಬಂದು ಹೊಸ ನೋಟುಪುಸ್ತಕ ತೆಗೆಯುತ್ತಾನೆ, ಮೊದಲ ಪುಟದ ಎಡಗಡೆ ೩೦೦೦, ಅದರ ಕೆಳಗೆ ೨೮೦೦ ಎಂದು ಬರೆಯುತ್ತಾನೆ. ಸೊನ್ನೆ ಮಾಡಲು ಬಂದವನು ಬಾಕಿಯನ್ನು ಹೊತ್ತುಕೊಂಡ. ಅಲ್ಲಿಗೆ ನಿಲ್ಲಿಸಿ. ಅದರ ಮೇಲೆ ಒಂದು ಸಾಲು ಹಿನ್ನೆಲೆ ದನಿ ಹಾಕಿದರೂ ಮಜ್ಜಿಗೆಗೆ ನೀರು ಹೆಚ್ಚಾದಂತೆ.

ಬರೆಯುವ ಕ್ರಮ ಇದರಿಂದಲೇ ತಿಳಿಯುತ್ತದೆ: ಕೊನೆಯ ಚಿತ್ರ ಮೊದಲು, ಆಮೇಲೆ ಅದಕ್ಕೆ ಬೇಕಾದ ಸುಳಿವುಗಳ ಪಟ್ಟಿ, ಆಮೇಲೆ ಆ ಸುಳಿವು ಯಾವ ನಿಮಿಷದಲ್ಲಿ ಯಾರ ಕೈಯಲ್ಲಿ ಎಂಬುದು, ಸಂಭಾಷಣೆ ಎಲ್ಲಕ್ಕಿಂತ ಕೊನೆಗೆ. ಧಾರಾವಾಹಿಯ ರೂಢಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗೆ ಮೂವರು ಬೇರೆ ಬೇರೆ ಜನ ಇರುತ್ತಾರೆ. ಬಿಡಿಕಥೆಗೆ ಆ ಏರ್ಪಾಡು ಹೊಂದುವುದಿಲ್ಲ. ‘ಒಬ್ಬರ ಹತ್ತಿರ ಒಂದು ಪೈಸೆ’ ಎಂಬ ಮಾತು ಸಂಭಾಷಣೆಯಂತೆ ಕಂಡರೂ ಕಥೆಯ ತೊಲೆ ಅದು. ಸಂಭಾಷಣೆಕಾರ ಅದನ್ನು ಬರಿಯ ಒಗ್ಗರಣೆ ಎಂದು ಕಿತ್ತುಹಾಕಿದರೆ ಮಾಳಿಗೆಯೇ ಇಳಿಯುತ್ತದೆ. ಇದಕ್ಕೆ ಒಳ್ಳೆಯ ಗರಡಿ ಬೇಕೆಂದರೆ ಮುಂಬೈಯ ಕನ್ನಡಿಗರು ದೂರ ಹೋಗಬೇಕಿಲ್ಲ, ಸಂಘಗಳ ವೇದಿಕೆಯಲ್ಲಿ ಆಡುವ ಏಕಾಂಕಗಳೇ ಸಾಕು. ಒಂದೇ ಜಾಗ, ನಾಲ್ಕು ಜನ, ಅರ್ಧ ಗಂಟೆ, ಪರದೆ.

ಸಣ್ಣಕಥೆಯನ್ನು ಕಂತು ಮಾಡುವವರಿಗೆ ಕಾನೂನಿನ ನಾಲ್ಕು ಮಾತು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1936ರಲ್ಲಿ ತೀರಿಕೊಂಡ ಪ್ರೇಮಚಂದರ ಕಥೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಮುಂಬೈಯನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಯಶವಂತ ಚಿತ್ತಾಲರು 2014ರಲ್ಲಿ ತೀರಿಕೊಂಡರು, ಅವರ ಕಥೆಗೆ ಕುಟುಂಬದ ಬರಹದ ಒಪ್ಪಿಗೆ ಬೇಕು. ಹೊಳಹಿಗೆ ಹಕ್ಕಿಲ್ಲ, ಬರೆದ ರೂಪಕ್ಕಷ್ಟೇ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕಚೇರಿಯಲ್ಲಿ ಬಾಯಲ್ಲಿ ಹೇಳಿದ ಎಡಗಡೆ–ಬಲಗಡೆ ಕಥೆ ನಾಳೆ ಬೇರೆ ಕಡೆ ಕಂಡರೆ ಜಗಳ ಗೆಲ್ಲುವುದು ಕಷ್ಟ. ಹೇಳುವ ಮೊದಲು ದೃಶ್ಯಗಳ ಸಮೇತ ಬರೆದು ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಲ್ಲಿ ನೋಂದಾಯಿಸಿ. ನೋಂದಣಿ ಹಕ್ಕು ಕೊಡುವುದಿಲ್ಲ, ಯಾವ ದಿನ ನಿಮ್ಮ ಕೈಯಲ್ಲಿ ಏನಿತ್ತು ಎನ್ನುವುದಕ್ಕೆ ಸಾಕ್ಷಿಯಾಗುತ್ತದೆ.

ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಎಂದು ಓದುತ್ತದೆ. ಅದಕ್ಕೇ ನಿರ್ಮಾಪಕರ ಕಾಗದದಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಮೊದಲೇ ಅಚ್ಚಾಗಿರುತ್ತದೆ. 2012ರ ತಿದ್ದುಪಡಿಯ ನಂತರ ಬರಹಗಾರರ ರಾಯಲ್ಟಿ ಪಾಲನ್ನು ಬರೆಸಿಕೊಂಡು ಕಿತ್ತುಕೊಳ್ಳುವಂತಿಲ್ಲ, ಆ ಸಾಲು ಕಾಗದದಲ್ಲಿ ಇದ್ದರೂ ಊರ್ಜಿತವಲ್ಲ. ಸರ್ಲಿಂಗ್ ತಮ್ಮ ಸರಣಿಯ ಪಾಲನ್ನು ಸಿಬಿಎಸ್ ವಾಹಿನಿಗೇ ಮಾರಿಬಿಟ್ಟರು. ಆ ಬಳಿಕ ದಶಕಗಟ್ಟಲೆ ನಡೆದ ಮರುಪ್ರಸಾರದ ಲಾಭ ಖ್ಯಾತಿಯ ಒಡೆಯರಿಗೆ ದಕ್ಕಲಿಲ್ಲ.

ಹೆಸರು ಎಲ್ಲಿ ಬರುತ್ತದೆ ಎಂಬುದನ್ನೂ ಕಾಗದದಲ್ಲೇ ಬರೆಸಿಕೊಳ್ಳಿ. ಒಟಿಟಿಯಲ್ಲಿ ಕೊನೆಯ ದೃಶ್ಯ ಮುಗಿಯುತ್ತಿದ್ದಂತೆ ಪರದೆ ಮೂಲೆಗೆ ಕುಗ್ಗಿ ಕೆಲವೇ ಸೆಕೆಂಡಿನಲ್ಲಿ ಮುಂದಿನ ಕಂತು ಶುರುವಾಗುತ್ತದೆ. ಕೊನೆಗೆ ಹಾಕಿದ ಹೆಸರು ಯಾರಿಗೂ ಕಾಣುವುದಿಲ್ಲ, ಸತೀಶ ನೋಟುಪುಸ್ತಕದಲ್ಲಿ ಬರೆದ ಅಂಕಿಯ ಮೇಲೆ ಉಳಿಯಬೇಕಾದ ಮೌನವೂ ಹೋಗುತ್ತದೆ. ಆದ್ದರಿಂದ ಕೇಳಬೇಕಾದ್ದು ಎರಡು: ‘ಬರೆದವರು’ ಎಂಬ ಫಲಕ ಪ್ರತಿ ಕಂತಿನ ಆರಂಭದಲ್ಲಿ, ಮತ್ತು ಕೊನೆಯ ಚಿತ್ರದ ನಂತರ ಹತ್ತು ಸೆಕೆಂಡಿನ ಕಪ್ಪು ಪರದೆ. ಮೊದಲನೆಯದಕ್ಕೆ ಒಪ್ಪುತ್ತಾರೆ. ಎರಡನೆಯದಕ್ಕೆ ಸಂಕಲನದ ಕೋಣೆಯಲ್ಲಿ ಕೊನೆಯ ದಿನದವರೆಗೂ ಜಗ್ಗಾಡಬೇಕಾಗುತ್ತದೆ.